ಇಸ್ಪೀಟ್ ಆಡೋದೇ ತಪ್ಪಾ? ಯಾವುದು ಆಟ, ಯಾವುದು ಜೂಜು? ಇಲ್ಲಿದೆ ಮಾಹಿತಿ

ಯುಗಾದಿ ಬಂತು ಅಂದ್ರೆ ಹಳೇ ಮೈಸೂರು ಭಾಗದ ಜಗಲಿ, ಅರಳಿಕಟ್ಟೆಗಳಲ್ಲಿ ಇಸ್ಪೀಟ್ ಎಲೆ ಬೀಳೋದು ವಾಡಿಕೆ. ಹಿಂದೆಯೇ ಪೊಲೀಸ್ ದಾಳಿ, ಪಣಕ್ಕಿಟ್ಟ ಹಣ ವಶ ಎಂಬ ಸುದ್ದಿಯೂ ಬರುತ್ತೆ. ಹಾಗಾದ್ರೆ ಎಲೆ ಹಿಡಿದವರೆಲ್ಲ ತಪ್ಪಿತಸ್ಥರಾ? ಇಲ್ಲ. 52 ಎಲೆಯ ಕಟ್ಟು ಮನೆಯಲ್ಲಿದ್ದರೆ ಅಪರಾಧವಲ್ಲ. ಯಾವ ಆಟ, ಎಲ್ಲಿ, ದುಡ್ಡು ಕಟ್ಟಿದ್ದಾರಾ ಅನ್ನೋದು ಮುಖ್ಯ.

ತಲೆ ಓಡಿಸುವ ಆಟಗಳು

ರಮ್ಮಿ: ತಲಾ 13 ಎಲೆ. ಜೋಕರ್ ಇಲ್ಲದ ಒಂದು ಸೀಕ್ವೆನ್ಸ್ ಆಗಲೇಬೇಕು. ಎದುರಿನವರು ಯಾವ ಎಲೆ ಎತ್ತಿದರು, ಯಾವುದನ್ನು ಬಿಟ್ಟರು ಅನ್ನೋದು ನೆನಪಿಟ್ಟವರೇ ಗೆಲ್ಲೋದು.

ಇಪ್ಪತ್ತೆಂಟು: ಎರಡರಿಂದ ಆರರವರೆಗಿನ ಎಲೆ ತೆಗೆದು 32 ಎಲೆಯಲ್ಲಿ ನಾಲ್ವರು, ಇಬ್ಬಿಬ್ಬರ ಜೋಡಿಯಾಗಿ ಆಡ್ತಾರೆ. ಇಲ್ಲಿ ರಾಜನಿಗಿಂತ ಗುಲಾಮನೇ ದೊಡ್ಡವನು. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕ ಮತ್ತು ಹತ್ತಕ್ಕೆ ತಲಾ 1 ಪಾಯಿಂಟ್. ನಾಲ್ಕೂ ಬಣ್ಣ ಸೇರಿ 28. ತುರುಫು ಮುಚ್ಚಿಡೋದೇ ಇದರ ಮಜಾ.

ಕತ್ತೆ: ಮಕ್ಕಳಿಗೂ ಗೊತ್ತಿರುವ ಆಟ. ಕೊನೆಗೆ ಯಾರ ಕೈಯಲ್ಲಿ ಎಲೆ ಉಳಿಯುತ್ತೋ ಅವರೇ ಕತ್ತೆ. ದುಡ್ಡಿನ ಮಾತೇ ಇಲ್ಲ.

ಅದೃಷ್ಟದ ಆಟಗಳು

ಅಂದರ್-ಬಾಹರ್‌ನಲ್ಲಿ ಆಡುವವನಿಗೆ ಮಾಡೋಕೆ ಏನೂ ಇಲ್ಲ. ತೆರೆದ ಎಲೆಗೆ ಜೋಡಿ ಒಳಗೆ ಬೀಳುತ್ತಾ, ಹೊರಗೆ ಬೀಳುತ್ತಾ, ಅಷ್ಟೇ. ಆಡಿಸುವವನು ಗೆದ್ದ ನೂರಕ್ಕೆ ಹತ್ತು ರೂಪಾಯಿ ಕಮಿಷನ್ ಹಿಡಿದ ಅಂತಿಟ್ಟುಕೊಳ್ಳಿ. ನೂರರಂತೆ ಹತ್ತು ಆಟ ಆಡಿ ಐದು ಗೆದ್ದು ಐದು ಸೋತವನಿಗೆ ಬರೋದು 450, ಹೋಗೋದು 500. ಸರಿಸಮ ಆಡಿದವನೂ 50 ರೂಪಾಯಿ ಕಳ್ಕೊಂಡ. ರಾತ್ರಿಯಿಡೀ ಕೂತರೆ ಅಂಗಡಿಯ ಗಲ್ಲಾಪೆಟ್ಟಿಗೆ ಖಾಲಿಯಾಗೋದು ಹೀಗೆ.

ಕಾನೂನು ಏನು ಹೇಳುತ್ತೆ?

ರಮ್ಮಿಯಲ್ಲಿ ಕೌಶಲ್ಯವೇ ಪ್ರಧಾನ, ಮೂರೆಲೆ ಆಟ ಬರೀ ಅದೃಷ್ಟ ಎಂದು ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿದೆ. ಆದರೆ ಜಾಗದ ಮಾಲೀಕ ಆಟದಿಂದ ಲಾಭ ಮಾಡಿಕೊಂಡರೆ ಅದು ಅಪರಾಧವಾಗಬಹುದು ಎಂದೂ ಅದೇ ತೀರ್ಪಿನಲ್ಲಿದೆ.

ಕರ್ನಾಟಕ ಪೊಲೀಸ್ ಕಾಯ್ದೆ 1963ರ ಪ್ರಕಾರ:
- ಕಲಂ 79: ಜೂಜಿನ ಅಡ್ಡೆ ನಡೆಸುವವರು, ಅದಕ್ಕೆ ಜಾಗ ಕೊಡುವವರ ಮೇಲೆ ಕೇಸ್.
- ಕಲಂ 80: ಅಡ್ಡೆಯಲ್ಲಿ ಕೂತು ಆಡುವವರ ಮೇಲೆ.
- ಕಲಂ 87: ರಸ್ತೆ, ಸಾರ್ವಜನಿಕ ಜಾಗದಲ್ಲಿ ಜೂಜಾಡಿದರೆ.

ಅಂಗಡಿಯವರು ಗಮನಿಸಿ

ಹಬ್ಬದ ದಿನ ಪರಿಚಯದವರು ಬಂದು ‘ಅಣ್ಣ, ಹಿಂದಿನ ರೂಮ್ ಕೊಡಿ, ಏನಾದ್ರೂ ಕೊಡ್ತೀವಿ’ ಅಂತಾರೆ. ಆ ಸಣ್ಣ ಬಾಡಿಗೆಯೇ ಮುಳುವಾಗುತ್ತೆ. ನೀವು ಒಂದೆಲೆ ಮುಟ್ಟದಿದ್ದರೂ ಕಲಂ 79ರಡಿ ಹೆಸರು ಬರಬಹುದು.

ಮೊಬೈಲ್ ರಮ್ಮಿ ಸೇಫ್ ಅಂದ್ಕೊಂಡವರಿಗೂ ಒಂದು ಮಾತು: 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಕೌಶಲ್ಯದ್ದಾಗಲಿ ಅದೃಷ್ಟದ್ದಾಗಲಿ, ನಿಷೇಧಿಸಿದೆ.

ಮನೆಯವರ ಜೊತೆ ಕೂತು ಕತ್ತೆಯೋ ಇಪ್ಪತ್ತೆಂಟೋ ಆಡಿ, ಯಾರೂ ಕೇಳಲ್ಲ. ಸೋತರೂ ಹೋಗೋದು ಮರ್ಯಾದೆ ಮಾತ್ರ, ಅದೂ ಮುಂದಿನ ಆಟದವರೆಗೆ!