ಕಾಂಕ್ರೀಟಿನ ಒಳಸ್ಥಿತಿಯನ್ನು ತಿಳಿಸುವ ಶ್ರವಣಾತೀತ ತರಂಗಗಳು

ಸೆಕೆಂಡಿಗೆ 20,000ಕ್ಕಿಂತ ಹೆಚ್ಚು ಕಂಪನಗಳುಳ್ಳ ಧ್ವನಿ ಮನುಷ್ಯನ ಕಿವಿಗೆ ಕೇಳಿಸುವುದಿಲ್ಲ. ಇಂತಹ ಶ್ರವಣಾತೀತ ತರಂಗಗಳಿಗೆ ಬಾವಲಿಯ ಹಾರಾಟವನ್ನೂ ಗರ್ಭಸ್ಥ ಶಿಶುವಿನ ತಪಾಸಣೆಯನ್ನೂ ಉದಾಹರಣೆಯಾಗಿ ಕೊಡುವುದು ವಾಡಿಕೆ. ಕಾಂಕ್ರೀಟನ್ನು ಒಡೆಯದೆ, ಕೊರೆಯದೆ ಅದರ ಒಳಸ್ಥಿತಿಯನ್ನು ಅರಿಯಲು ಸಹ ಇವು ನೆರವಾಗುತ್ತವೆ.

ಪರೀಕ್ಷೆಯ ಕ್ರಮ

ಕಂಬದ ಎದುರುಬದುರಿನ ಎರಡು ಮುಖಗಳಿಗೆ ಒಂದೊಂದು ಸಂವೇದಕವನ್ನು ಒತ್ತಿ ಹಿಡಿಯಲಾಗುತ್ತದೆ. ನಡುವೆ ಗಾಳಿ ಉಳಿಯದಂತೆ ಗ್ರೀಸ್ ಸವರಲಾಗುತ್ತದೆ. ಒಂದು ಸಂವೇದಕವು ಸಾಮಾನ್ಯವಾಗಿ 54 ಕಿಲೋಹರ್ಟ್ಜ್ ಆವೃತ್ತಿಯ ತರಂಗವನ್ನು ಕಳುಹಿಸುತ್ತದೆ. ಇನ್ನೊಂದು ಅದನ್ನು ಗ್ರಹಿಸುತ್ತದೆ. ಉಪಕರಣವು ಅಳೆಯುವುದು ಪ್ರಯಾಣದ ಕಾಲವನ್ನು ಮಾತ್ರ. 300 ಮಿ.ಮೀ. ದಪ್ಪದ ಕಂಬವನ್ನು ದಾಟಲು 75 ಮೈಕ್ರೊಸೆಕೆಂಡ್ ಹಿಡಿದರೆ ವೇಗ ಸೆಕೆಂಡಿಗೆ 4 ಕಿ.ಮೀ. ಒಳಗೆ ಬಿರುಕುಗಳಿದ್ದರೆ ತರಂಗವು ಅವುಗಳನ್ನು ಸುತ್ತಿ ಬರಬೇಕಾಗುತ್ತದೆ. ಕಾಲವು 100 ಮೈಕ್ರೊಸೆಕೆಂಡಿಗೆ ಏರಿದರೆ ವೇಗ 3 ಕಿ.ಮೀ.ಗೆ ಇಳಿಯುತ್ತದೆ.

1992ರ ಭಾರತೀಯ ಮಾನಕ 13311ರ ಪ್ರಕಾರ ವೇಗವು 4.5 ಕಿ.ಮೀ.ಗಿಂತ ಹೆಚ್ಚಿದ್ದರೆ ಕಾಂಕ್ರೀಟ್ ಅತ್ಯುತ್ತಮ, 3.5ರಿಂದ 4.5ರವರೆಗೆ ಉತ್ತಮ, 3ರಿಂದ 3.5ರವರೆಗೆ ಮಧ್ಯಮ, 3ಕ್ಕಿಂತ ಕಡಿಮೆಯಾದರೆ ಸಂದೇಹಾಸ್ಪದ ಎಂದು ಪರಿಗಣಿಸಲಾಗುತ್ತಿತ್ತು.

ರಾಸಾಯನಿಕ ಕ್ಷಯದ ಸುಳಿವು

ಮಣ್ಣಿನಲ್ಲಿಯೂ ಅಂತರ್ಜಲದಲ್ಲಿಯೂ ಇರುವ ಸಲ್ಫೇಟ್ ಲವಣಗಳು ಸಿಮೆಂಟಿನೊಡನೆ ವರ್ತಿಸಿ ಎಟ್ರಿಂಜೈಟ್ ಎಂಬ ಹರಳುಗಳನ್ನು ಉಂಟುಮಾಡುತ್ತವೆ. ಈ ಹರಳುಗಳು ಮೊದಲು ಸೂಕ್ಷ್ಮರಂಧ್ರಗಳನ್ನು ತುಂಬುವುದರಿಂದ ವೇಗವು ತುಸು ಏರಬಹುದು. ಬಳಿಕ ಅವು ಉಬ್ಬಿ ಕಾಂಕ್ರೀಟನ್ನು ಸೀಳತೊಡಗಿದಾಗ ವೇಗ ಕುಸಿಯುತ್ತದೆ. ಆದುದರಿಂದ ಒಂದೇ ಒಂದು ಅಳತೆಯನ್ನು ನಂಬಿ ತೀರ್ಮಾನಕ್ಕೆ ಬರುವುದು ತಪ್ಪು. ಅದೇ ಸ್ಥಳದಲ್ಲಿ, ನಿಗದಿತ ಅವಧಿಗೊಮ್ಮೆ ಅಳೆದು, ಬದಲಾವಣೆಯನ್ನು ಗುರುತಿಸಬೇಕು. ತೇವಗೊಂಡ ಕಾಂಕ್ರೀಟಿನಲ್ಲಿ ವೇಗ ಹೆಚ್ಚುವುದರಿಂದ ಮಳೆಗಾಲದ ಅಳತೆಯನ್ನು ಬೇಸಿಗೆಯ ಅಳತೆಯೊಡನೆ ಹೋಲಿಸಲಾಗದು. ಉಕ್ಕಿನ ಸರಳುಗಳ ಗುಂಟ ತರಂಗವು ಇನ್ನೂ ಬೇಗ ಸಾಗುವುದರಿಂದ ಅವುಗಳಿಂದ ದೂರವಿರುವ ಜಾಗವನ್ನು ಆರಿಸಬೇಕು.

ಸಿಮೆಂಟಿನ ಕ್ಷಾರವು ಕೆಲವು ಜಾತಿಯ ಜಲ್ಲಿಯಲ್ಲಿರುವ ಸಿಲಿಕಾದೊಡನೆ ವರ್ತಿಸಿದಾಗಲೂ ಹೀಗೆಯೇ ಒಳಬಿರುಕು ಉಂಟಾಗುತ್ತದೆ. ಇದನ್ನು 1940ರಲ್ಲಿ ಕ್ಯಾಲಿಫೋರ್ನಿಯಾದ ಥಾಮಸ್ ಸ್ಟಾಂಟನ್ ವಿವರಿಸಿದರು. ಒಡಿಶಾದ ಹಿರಾಕುಡ್ ಅಣೆಕಟ್ಟಿನಲ್ಲಿಯೂ ಈ ಕ್ರಿಯೆ ಕಂಡುಬಂದಿದೆ.

ಪರೀಕ್ಷೆಯ ಮಿತಿ

ಕಡಲತೀರದ ಉಪ್ಪುಗಾಳಿಯ ಕ್ಲೋರೈಡ್ ಕಾಂಕ್ರೀಟಿನೊಳಗೆ ಇಳಿದು ಸರಳುಗಳಿಗೆ ತುಕ್ಕು ಹಿಡಿಸುತ್ತದೆ. ಆದರೆ ತುಕ್ಕು ಉಬ್ಬಿ ಬಿರುಕು ಮೂಡುವವರೆಗೆ ತರಂಗದ ವೇಗ ಹೆಚ್ಚೇನೂ ಬದಲಾಗದು. ಗಾಳಿಯ ಇಂಗಾಲದ ಡೈಆಕ್ಸೈಡ್ ಕಾಂಕ್ರೀಟಿನ ಕ್ಷಾರಗುಣವನ್ನು ಕುಗ್ಗಿಸಿ ಸರಳುಗಳ ರಕ್ಷಣೆಯನ್ನು ಕಳೆದಾಗಲೂ ಹಾಗೆಯೇ. ಅದನ್ನು ಪತ್ತೆಹಚ್ಚಲು ಹೊಸದಾಗಿ ಒಡೆದ ಭಾಗಕ್ಕೆ ಫಿನಾಲ್ಫ್ತಲೀನ್ ದ್ರಾವಣವನ್ನು ಸಿಂಪಡಿಸುತ್ತಾರೆ. ಕ್ಷಾರವಿರುವೆಡೆ ಗುಲಾಬಿ ಬಣ್ಣ ಬರುತ್ತದೆ, ಕ್ಷಾರ ಕುಗ್ಗಿದೆಡೆ ಬಣ್ಣ ಬಾರದು. ವೇಗ ಉತ್ತಮವಾಗಿದೆ ಎಂದ ಮಾತ್ರಕ್ಕೆ ಕಟ್ಟಡವು ಸುರಕ್ಷಿತವೆಂದು ಹೇಳಲಾಗದು. ಶಾಲೆಯ ಛಾವಣಿಯಲ್ಲಿ ತುಕ್ಕಿನ ಕಲೆ ಕಂಡರೆ, ಗಾರೆ ಉದುರಿದರೆ, ಮಕ್ಕಳನ್ನು ಆ ಕೋಣೆಯಲ್ಲಿ ಕೂರಿಸದೆ ಇಂಜಿನಿಯರರಿಗೆ ಕೂಡಲೇ ತಿಳಿಸಬೇಕು.

ತರಗತಿಯಲ್ಲಿ

ಧ್ವನಿಯ ಪಾಠದ ಜೊತೆಗೆ, ಒಂದೇ ಕಂಬದ ಬೇರೆ ಬೇರೆ ವರ್ಷಗಳ ಅಳತೆಗಳೆಂದು ಭಾವಿಸಿ 75, 73, 80, 100 ಮೈಕ್ರೊಸೆಕೆಂಡ್‌ಗಳನ್ನು ಕೊಟ್ಟು ವೇಗಗಳನ್ನು ಲೆಕ್ಕಹಾಕಿಸಬಹುದು. ಎರಡನೆಯ ಅಳತೆಯಲ್ಲಿ ವೇಗ ಏರಿದ್ದೇಕೆ ಎಂಬ ಪ್ರಶ್ನೆಯಿಂದ ಚರ್ಚೆಯನ್ನು ಆರಂಭಿಸುವುದು ಒಳಿತು.