ಅವಳಿ ಯಂತ್ರಗಳಲ್ಲಿ ಆಯ್ಕೆ ಹೇಗೆ?

ನೋಟಕ್ಕೆ ಒಂದೇ ಬಗೆಯಾದ ಎರಡು ವಸ್ತುಗಳಿದ್ದು, ಬೆಲೆಯಲ್ಲಿ ಮಾತ್ರ ವ್ಯತ್ಯಾಸ ಕಂಡರೆ, ಅಗ್ಗವಾದುದನ್ನು ಕೊಳ್ಳುವುದೇ ಜಾಣತನವೆಂದು ಯಾರಿಗಾದರೂ ತೋರುವುದು ಸಹಜ. ಒಮ್ಮೆ ಬಳಸಿ, ಸರಿಪಡಿಸಿ, ಮತ್ತೆ ಮಾರಾಟಕ್ಕೆ ಬಂದ ಲ್ಯಾಪ್‌ಟಾಪುಗಳ ವಿಷಯದಲ್ಲಿ ಮಾತ್ರ ಈ ಜಾಣತನ ಅನೇಕ ವೇಳೆ ಕೈಕೊಡುತ್ತದೆ. ದಾವಣಗೆರೆ ತಾಲ್ಲೂಕಿನ ಲೋಕಿಕೆರೆಯಂಥ ಊರಿನಿಂದ ನಗರದ ಕಾಲೇಜಿಗೆ ಬರುವ ವಿದ್ಯಾರ್ಥಿಗೆ ಲ್ಯಾಪ್‌ಟಾಪು ಇಂದು ಪಠ್ಯಪುಸ್ತಕದಷ್ಟೇ ಅವಶ್ಯ. ಮೆಕ್ಕೆಜೋಳ ಮಾರಿ ಬಂದ ಹಣದಲ್ಲಿ ತಂದೆತಾಯಿಗಳು ಅದನ್ನು ಕೊಡಿಸುವುದಾದರೆ, ಆಯ್ಕೆಯಲ್ಲಿ ತಪ್ಪಿದರೆ ಮರುವರ್ಷ ಇನ್ನೊಂದನ್ನು ಕೊಳ್ಳುವ ಮಾತೇ ಇಲ್ಲ. ಆದುದರಿಂದ ಈ ಆಯ್ಕೆಗೆ ಭೌತಶಾಸ್ತ್ರ ಯಾವ ರೀತಿ ನೆರವಾಗಬಲ್ಲದೆಂಬುದನ್ನು ನೋಡೋಣ.

ಈ ಯಂತ್ರಗಳು ಎಲ್ಲಿಂದ ಬರುತ್ತವೆ? ಬೆಂಗಳೂರಿನಂಥ ನಗರಗಳ ದೊಡ್ಡ ಕಚೇರಿಗಳು ಲ್ಯಾಪ್‌ಟಾಪುಗಳನ್ನು ಸಗಟಾಗಿ ತರಿಸಿ, ಮೂರು ನಾಲ್ಕು ವರ್ಷ ಬಳಸಿ, ಒಟ್ಟಿಗೆ ಹೊರಗೆ ಹಾಕುವುದುಂಟು. ವರ್ತಕರು ಅವನ್ನು ಕೊಂಡು, ಶುಚಿಗೊಳಿಸಿ, ಕೆಟ್ಟ ಭಾಗಗಳನ್ನು ಬದಲಾಯಿಸಿ ಮಾರುತ್ತಾರೆ. ‘ಎ ದರ್ಜೆ’, ‘ಬಿ ದರ್ಜೆ’ ಎಂದು ಅವರು ಹಚ್ಚುವ ಚೀಟಿ ಸಾಮಾನ್ಯವಾಗಿ ಹೊರಕವಚದ ಗೀರು ತಗ್ಗುಗಳನ್ನು ಕುರಿತದ್ದೇ ಹೊರತು ಒಳಗಿನ ಸ್ಥಿತಿಯನ್ನು ಕುರಿತದ್ದಲ್ಲ.

ಹರಿಹರದ ಹಿರಿಯ ಕೆಲಸಗಾರರಿಗೆ ಈ ವಿವೇಕ ಹೊಸದಲ್ಲ. ಅಲ್ಲಿನ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಇಂದು ನಡೆಯುತ್ತಿಲ್ಲವಾದರೂ ಅದರ ಲೇತ್ ಯಂತ್ರಗಳು ಒಂದು ಕಾಲಕ್ಕೆ ನಾಡಿನಲ್ಲೆಲ್ಲ ಹೆಸರಾಗಿದ್ದುವು. ಹಳೆಯ ಲೇತನ್ನು ಕೊಳ್ಳುವ ಅನುಭವಿ ಅದರ ಬಣ್ಣವನ್ನು ನೋಡಿ ಬೆಲೆ ಕಟ್ಟುವುದಿಲ್ಲ. ಹಾಸು ಎಷ್ಟು ಸವೆದಿದೆ, ತಿರುಗುವ ಅಚ್ಚಿನಲ್ಲಿ ಎಷ್ಟು ಸಡಿಲವಿದೆ ಎಂದು ಅಳೆದು ನೋಡುತ್ತಾನೆ. ಲ್ಯಾಪ್‌ಟಾಪಿಗೂ ಇಂಥ ಅಳತೆಗಳುಂಟು.

ಒಂದು ನಿಜವಾದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಲೆನೊವೊ ಕಂಪನಿಯ ಥಿಂಕ್‌ಪ್ಯಾಡ್ ಟಿ470 ಬಂದುದು 2017ರಲ್ಲಿ. ಟಿ480 ಬಂದುದು 2018ರಲ್ಲಿ. ಪಕ್ಕಪಕ್ಕದಲ್ಲಿಟ್ಟರೆ ಇವು ಅವಳಿಗಳಂತೆ ಕಾಣುತ್ತವೆ. ಮೊದಲನೆಯದರಲ್ಲಿ ಇರಬಹುದಾದ ಸಂಸ್ಕಾರಕ, ಎಂದರೆ ಪ್ರೊಸೆಸರ್, ಇಂಟೆಲ್ ಐ5-7300ಯು. ಎರಡನೆಯದರಲ್ಲಿ ಇರಬಹುದಾದುದು ಐ5-8350ಯು. ಅಡ್ಡಗೆರೆಯ ನಂತರದ ಮೊದಲ ಅಂಕಿ ತಲೆಮಾರನ್ನು ಸೂಚಿಸುತ್ತದೆ: ಒಂದು ಏಳನೆಯದು, ಇನ್ನೊಂದು ಎಂಟನೆಯದು. ಇವುಗಳ ಮೂಲ ವೇಗವನ್ನು ನೋಡಿದರೆ ಒಂದು ಸೋಜಿಗ ಎದುರಾಗುತ್ತದೆ. ಹಳೆಯದು ಸೆಕೆಂಡಿಗೆ 260 ಕೋಟಿ ಮಿಡಿತ, ಅಂದರೆ 2.6 ಗಿಗಾಹರ್ಟ್ಸ್, ಹೊಸದು ಕೇವಲ 1.7 ಗಿಗಾಹರ್ಟ್ಸ್. ಹೊಸದೇ ನಿಧಾನವಾಯಿತಲ್ಲ!

ಹಾಗಲ್ಲ. ಹಳೆಯದರಲ್ಲಿ ಲೆಕ್ಕ ಮಾಡುವ ಅಂಗಗಳು, ಎಂದರೆ ಕೋರ್‌ಗಳು, ಎರಡು, ಹೊಸದರಲ್ಲಿ ನಾಲ್ಕು. ಆದರೂ ಎರಡಕ್ಕೂ ನಿಗದಿಯಾಗಿರುವ ಉಷ್ಣದ ಮಿತಿ ಒಂದೇ, 15 ವಾಟ್. ಅಷ್ಟೇ ಶಕ್ತಿಯಲ್ಲಿ ನಾಲ್ಕು ಕೋರ್‌ಗಳು ದುಡಿಯುವುದು ಹೇಗೆ? ಕೋರ್ ದುಡಿಯುವಾಗ ವ್ಯಯವಾಗುವ ವಿದ್ಯುತ್ತು ಸ್ಥೂಲವಾಗಿ ಮಿಡಿತದ ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ವೇಗವನ್ನು ತಗ್ಗಿಸಿದರೆ ವೋಲ್ಟೇಜನ್ನೂ ತಗ್ಗಿಸಬಹುದು. ವೇಗ 2.6ರಿಂದ 1.7ಕ್ಕೆ ಇಳಿದಾಗ ವೋಲ್ಟೇಜು ನೂರಕ್ಕೆ 15ರಷ್ಟು ಇಳಿಯಿತೆಂದು ಭಾವಿಸಿರಿ. ಆಗ ಪ್ರತಿಯೊಂದು ಕೋರೂ ಹಿಂದಿನ 0.47ರಷ್ಟನ್ನು ಮಾತ್ರ ಬಳಸುತ್ತದೆ. ನಾಲ್ಕೂ ಸೇರಿದರೆ 1.9. ಹಳೆಯ ಎರಡು ಕೋರ್‌ಗಳ ವ್ಯಯ 2. ಕೆಲಸವಾದರೋ ಎರಡು ಸಲ 2.6ರ ಬದಲು ನಾಲ್ಕು ಸಲ 1.7, ಅಂದರೆ 5.2ರ ಎಡೆಯಲ್ಲಿ 6.8. ಓಡುವ ಇಬ್ಬರಿಗಿಂತ ನಡೆಯುವ ನಾಲ್ವರು ಹೆಚ್ಚು ಹೊರೆ ಸಾಗಿಸಿದಂತೆ ಇದು.

ಆದರೆ ಹಂಚಿಕೊಳ್ಳಲು ಬಾರದ ಕೆಲಸಕ್ಕೆ ನಾಲ್ವರಿದ್ದೂ ಪ್ರಯೋಜನವಿಲ್ಲ. ಒಂದೇ ಕೋರ್ ಅಲ್ಪಕಾಲ ಮುಟ್ಟಬಲ್ಲ ಗರಿಷ್ಠ ವೇಗ ಇವುಗಳಲ್ಲಿ 3.5 ಮತ್ತು 3.6 ಗಿಗಾಹರ್ಟ್ಸ್, ಭೇದವೇ ಇಲ್ಲವೆನ್ನಬಹುದು. ಪ್ರಬಂಧ ಬರೆಯುವವನಿಗೆ ಎರಡೂ ಸಮ. ದೊಡ್ಡ ಗಣಿತ, ಚಲನಚಿತ್ರ ಸಂಕಲನ, ಎಂಜಿನಿಯರಿಂಗ್ ನಕ್ಷೆಗಳ ಕೆಲಸವುಳ್ಳವನಿಗೆ ಹೊಸದು ಮೇಲು.

ತಲೆಮಾರಿನ ಅಂಕಿಗೆ ಇನ್ನೊಂದು ಮಹತ್ವವೂ ಉಂಟು. ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಒಪ್ಪುವ ಇಂಟೆಲ್ ಸಂಸ್ಕಾರಕಗಳು, ಕೆಲವೇ ಅಪವಾದಗಳನ್ನು ಬಿಟ್ಟರೆ, ಎಂಟನೆಯ ತಲೆಮಾರಿನಿಂದ ಆರಂಭವಾಗುತ್ತವೆ. ಆದ್ದರಿಂದ ಏಳನೆಯ ತಲೆಮಾರಿನ ಯಂತ್ರವನ್ನು ಕೊಳ್ಳುವವರು ಲಿನಕ್ಸ್ ವ್ಯವಸ್ಥೆಯನ್ನು ಬಳಸಲು ಮನಸ್ಸು ಮಾಡಿರಬೇಕು. ಅದಕ್ಕೆ ಸಿದ್ಧರಿದ್ದು, ಬೆಲೆಯೂ ಬಹಳ ಕಡಮೆಯಿದ್ದರೆ, ಹಳೆಯದನ್ನು ಕೊಳ್ಳುವುದು ತಪ್ಪಲ್ಲ. ಅಂಗಡಿಯವನ ಮಾತನ್ನಾಗಲಿ ಕವಚದ ಮೇಲಿನ ಹೆಸರನ್ನಾಗಲಿ ನೆಚ್ಚದೆ, ಯಂತ್ರವನ್ನು ಚಾಲನೆ ಮಾಡಿಸಿ, ‘ಸಿಸ್ಟಮ್’ ಪುಟದಲ್ಲಿ ಸಂಸ್ಕಾರಕದ ಸಂಖ್ಯೆಯನ್ನು ಕಣ್ಣಾರೆ ಓದಬೇಕು.

ಟಿ480ರ ಜೊತೆಗೆ ಟಿ480ಎಸ್ ಎಂಬುದೊಂದಿದೆ. ಹೆಸರಿನಲ್ಲಿ ಒಂದೇ ಅಕ್ಷರ ಹೆಚ್ಚು. ಒಳರಚನೆಯಲ್ಲಿ ಬಹಳ ವ್ಯತ್ಯಾಸ. ‘ಎಸ್’ ತೆಳುವಾದುದು, ಹಗುರವಾದುದು. ಆದರೆ ಅದರ ಸ್ಮೃತಿಯ, ಅಂದರೆ ರ‍್ಯಾಮ್‌ನ, ಒಂದು ಭಾಗ ಬೆಸುಗೆ ಹಾಕಿದ್ದು. ಬದಲಾಯಿಸಲು ಬರುವುದು ಇನ್ನೊಂದು ಭಾಗ ಮಾತ್ರ. ಟಿ480ರಲ್ಲಿ ಎರಡನ್ನೂ ಬದಲಾಯಿಸಬಹುದು. ‘ಎಸ್’ನಲ್ಲಿ 57 ವಾಟ್-ಗಂಟೆಯ ಒಂದೇ ವಿದ್ಯುತ್ಕೋಶ ಒಳಗೆ ಅಡಗಿದೆ. ಟಿ480ರಲ್ಲಿ 24 ವಾಟ್-ಗಂಟೆಯ ಒಂದು ಕೋಶ ಒಳಗೂ, ಬೇಕೆಂದಾಗ ತೆಗೆದು ಹಾಕಬಹುದಾದ ಇನ್ನೊಂದು ಹಿಂಬದಿಯಲ್ಲೂ ಇವೆ. ಒಳಗಿನದು ಯಂತ್ರವನ್ನು ನಡೆಸುತ್ತಿರುವಾಗಲೇ ಹೊರಗಿನದನ್ನು ಬದಲಿಸಬಹುದು. ವಿದ್ಯುತ್ತು ಹೋಗಿಬಂದು ಮಾಡುವ ಹಳ್ಳಿಯಲ್ಲಿ ಓದುವವನಿಗೆ ಇದು ಸಣ್ಣ ಅನುಕೂಲವಲ್ಲ. ದಿನವೂ ಬಸ್ಸಿನಲ್ಲಿ ಹೊತ್ತು ತಿರುಗುವವನಿಗೆ ‘ಎಸ್’ ಮೆಚ್ಚಾಗಬಹುದು.

ಕೋಶದ ಸವೆತವನ್ನು ಅಳೆಯುವುದು ಸುಲಭ. ವಿಂಡೋಸ್‌ನಲ್ಲಿ ‘ಬ್ಯಾಟರಿ ರಿಪೋರ್ಟ್’ ತೆಗೆಸಿದರೆ ಎರಡು ಅಂಕಿಗಳು ದೊರೆಯುತ್ತವೆ: ತಯಾರಾದಾಗ ಕೋಶಕ್ಕಿದ್ದ ಧಾರಣಶಕ್ತಿ ಮತ್ತು ಇಂದು ಪೂರ್ಣ ತುಂಬಿದಾಗ ಉಳಿದಿರುವ ಶಕ್ತಿ. ಒಟ್ಟು 72 ವಾಟ್-ಗಂಟೆಯ ಕೋಶಗಳು ಹಗುರ ಕೆಲಸದಲ್ಲಿ 8 ವಾಟ್ ಬಳಸುವ ಯಂತ್ರವನ್ನು 9 ಗಂಟೆ ನಡೆಸಬೇಕು. ನೂರಕ್ಕೆ 60 ಮಾತ್ರ ಉಳಿದಿದ್ದರೆ ಅದು ಸುಮಾರು ಐದೂವರೆ ಗಂಟೆಗೆ ಇಳಿಯುತ್ತದೆ. ಹೊಸ ಕೋಶದ ಬೆಲೆಯನ್ನು ಯಂತ್ರದ ಬೆಲೆಗೆ ಕೂಡಿಸಿ ಹೋಲಿಸುವುದೇ ನ್ಯಾಯವಾದ ಲೆಕ್ಕ.

ಉಷ್ಣದ ಪರೀಕ್ಷೆಯನ್ನೂ ಮರೆಯಬಾರದು. ಸಂಸ್ಕಾರಕದ ಉಷ್ಣತೆ ಸುತ್ತಲಿನ ಗಾಳಿಯ ಉಷ್ಣತೆಯ ಮೇಲೆ ಏರುತ್ತದೆ. 25 ಡಿಗ್ರಿಯ ತಂಪು ಕಚೇರಿಯಲ್ಲಿ ಬಾಳಿದ ಯಂತ್ರ 38 ಡಿಗ್ರಿಯ ಬೇಸಗೆ ಕೋಣೆಗೆ ಬಂದರೆ, ಅದೇ ದುಡಿಮೆಗೆ ಸುಮಾರು 13 ಡಿಗ್ರಿ ಹೆಚ್ಚು ಕಾಯುತ್ತದೆ. ಫ್ಯಾನಿನಲ್ಲಿ ದೂಳು ತುಂಬಿ, ಉಷ್ಣವನ್ನು ಸಾಗಿಸುವ ಲೇಪ ಒಣಗಿದ್ದರೆ, ಮಿತಿ ಮುಟ್ಟಿದೊಡನೆ ಸಂಸ್ಕಾರಕ ತನ್ನ ವೇಗವನ್ನು ತಾನೇ ಕುಗ್ಗಿಸಿಕೊಳ್ಳುತ್ತದೆ. ಅಂಗಡಿಯಲ್ಲಿಯೇ ಹದಿನೈದು ನಿಮಿಷ ಭಾರವಾದ ಕೆಲಸ ಕೊಟ್ಟು ನೋಡಿರಿ.

ಇನ್ನು ಪರದೆ. ಒಂದೇ ಹೆಸರಿನ ಯಂತ್ರ 1366ಕ್ಕೆ 768 ಚುಕ್ಕೆಗಳ ಪರದೆಯೊಡನೆಯೂ 1920ಕ್ಕೆ 1080ರದರೊಡನೆಯೂ ಬಂದಿರುತ್ತದೆ. ಗುಣಿಸಿ ನೋಡಿದರೆ ಎರಡನೆಯದರಲ್ಲಿ ಚುಕ್ಕೆಗಳು ಹೆಚ್ಚು ಕಡಮೆ ಇಮ್ಮಡಿ. ಗಂಟೆಗಟ್ಟಲೆ ಓದುವ ಕಣ್ಣಿಗೆ ಅದು ಹಿತ.

ಹೀಗೆ ತಲೆಮಾರು, ಸ್ಮೃತಿ, ಕೋಶ, ಉಷ್ಣ, ಪರದೆ ಎಂಬ ಐದನ್ನು ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದು ಯಂತ್ರದ ಎದುರಿಗೂ ಅಂಕಿಗಳನ್ನು ತುಂಬಿದರೆ ಅವಳಿಗಳು ಅವಳಿಗಳಾಗಿ ಉಳಿಯುವುದಿಲ್ಲ. ಈ ಹಾಳೆಯನ್ನು ಹಿಡಿದು ಹೋದ ವಿದ್ಯಾರ್ಥಿಗೆ ಹೆಚ್ಚಿನ ಬೆಲೆಯ ಯಂತ್ರವೇ ಬೇಕಾಗುವುದೆಂದಿಲ್ಲ. ಕೊಟ್ಟ ಹಣಕ್ಕೆ ಏನು ಬಂದಿತೆಂಬುದು ಮಾತ್ರ ಅವನಿಗೆ ಸ್ಪಷ್ಟವಾಗಿ ತಿಳಿದಿರುತ್ತದೆ.