ಗೆದ್ದೆತ್ತಿನ ಬಾಲ ಹಿಡಿದವರಿಗೆ ಏನು ಸಿಗುತ್ತೆ?

ಎಲೆಕ್ಷನ್ ರಿಸಲ್ಟ್ ಬಂದ ಮಾರನೇ ದಿನ ಮೂಡಿಗೆರೆಯಾಗಲಿ, ಕಳಸವಾಗಲಿ, ಹೋಟೆಲಿನಲ್ಲಿ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತೆ: 'ಅವ್ನು ಗೆದ್ದೆತ್ತಿನ ಬಾಲ ಹಿಡ್ದ ಬಿಡಿ.' ಓಡಿ ದಣಿದಿದ್ದು ಎತ್ತು. ಓಟ ಮುಗಿದ ಮೇಲೆ ಬಂದು ಬಾಲ ಹಿಡಿದವನಿಗೂ ಬಹುಮಾನದಲ್ಲಿ ಪಾಲು ಬೇಕು. ನಮ್ಮ ಗಾದೆ ಇದನ್ನು ಹೊಗಳುವುದಿಲ್ಲ, ಆಡಿಕೊಳ್ಳುತ್ತದೆ.

ಇಂಗ್ಲಿಷಿನಲ್ಲಿ ಇದರ ಸಂಬಂಧಿಯೊಂದಿದೆ: ಗೆದ್ದವನಿಗೇ ಕೊಳ್ಳೆ. ಅಲ್ಲಿ ವ್ಯಂಗ್ಯವಿಲ್ಲ, ಹಕ್ಕಿನ ದನಿಯಿದೆ. ಈ ಮಾತು ಪ್ರಸಿದ್ಧವಾದದ್ದು 1832ರ ಜನವರಿಯಲ್ಲಿ, ಅಮೆರಿಕದ ಸೆನೆಟ್‌ನಲ್ಲಿ. ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಸರ್ಕಾರಿ ಹುದ್ದೆಗಳನ್ನು ಬೆಂಬಲಿಗರಿಗೆ ಹಂಚುತ್ತಿದ್ದ ಕಾಲವದು. ನ್ಯೂಯಾರ್ಕಿನ ಸೆನೆಟರ್ ವಿಲಿಯಂ ಮಾರ್ಸಿ ಎದ್ದುನಿಂತು, ಶತ್ರುವಿನ ಕೊಳ್ಳೆ ಗೆದ್ದವನಿಗೆ ಸೇರುವುದರಲ್ಲಿ ತಪ್ಪೇನಿದೆ ಎಂದರು.

'ಶತ್ರುವಿನ' ಅನ್ನೋ ಪದ ಗಮನಿಸಿ. ಯುದ್ಧದಲ್ಲಿ ದೋಚುವುದು ಎದುರಾಳಿಯ ಆಸ್ತಿಯನ್ನು. ಆದರೆ ಸರ್ಕಾರಿ ಹುದ್ದೆ ಸೋತ ಪಕ್ಷದ ಆಸ್ತಿ ಆಗಿತ್ತೇ? ಅದು ಜನರದ್ದು. ಮಾರ್ಸಿಯ ಮಾತಿನ ಮೋಸ ಇರುವುದೇ ಇಲ್ಲಿ. ಹಂಚಿಕೆಯ ಈ ಚಾಳಿಗೆ ಅಮೆರಿಕ ದುಬಾರಿ ಬೆಲೆ ತೆತ್ತಿತು. 1881ರಲ್ಲಿ, ತನಗೆ ಹುದ್ದೆ ಕೊಡಲಿಲ್ಲವೆಂಬ ಸಿಟ್ಟಿಗೆ ಚಾರ್ಲ್ಸ್ ಗಿಟೋ ಎಂಬಾತ ಅಧ್ಯಕ್ಷ ಗಾರ್ಫೀಲ್ಡ್‌ಗೆ ಗುಂಡಿಕ್ಕಿದ. 1883ರಲ್ಲಿ ಪೆಂಡಲ್ಟನ್ ಕಾಯ್ದೆ ಬಂತು. ಪರೀಕ್ಷೆ ಬರೆದು ನೌಕರಿ ಪಡೆಯುವ ಪದ್ಧತಿ ಶುರುವಾಯ್ತು.

ನಮ್ಮಲ್ಲೂ ನೌಕರಿಗೆ ಕೆಪಿಎಸ್‌ಸಿ ಪರೀಕ್ಷೆ ಇದೆ. ಆದರೆ ಹಿಂಬಾಗಿಲು ಮುಚ್ಚಿಲ್ಲ. 2003ರ 91ನೇ ತಿದ್ದುಪಡಿ ಸಚಿವರ ಸಂಖ್ಯೆಯನ್ನು ವಿಧಾನಸಭೆಯ ಬಲದ ಶೇ. 15ಕ್ಕೆ ಕಟ್ಟಿಹಾಕಿತು. 224 ಸದಸ್ಯರ ಕರ್ನಾಟಕದಲ್ಲಿ ಮುಖ್ಯಮಂತ್ರಿಯೂ ಸೇರಿ 34 ಮಂದಿ. ಉಳಿದವರಿಗೆ? ನಿಗಮ, ಮಂಡಳಿ. 2024ರ ಜನವರಿಯಲ್ಲಿ 30ಕ್ಕೂ ಹೆಚ್ಚು ಶಾಸಕರು ಒಟ್ಟಿಗೇ ಅಧ್ಯಕ್ಷರಾದರು. ಇದು ಕಾಂಗ್ರೆಸ್ಸಿನದ್ದಷ್ಟೇ ಕತೆಯಲ್ಲ. ಅಧಿಕಾರಕ್ಕೆ ಬಂದ ಪಕ್ಷಗಳೆಲ್ಲ ಮಾಡಿಕೊಂಡು ಬಂದಿದ್ದು.

ಚಿಕ್ಕಮಗಳೂರಿಗೆ ಇದು ಹೊಸದೂ ಅಲ್ಲ. ಮೂಡಿಗೆರೆ ತಾಲ್ಲೂಕಿನ ದಾರದಹಳ್ಳಿಯ ಡಿ.ಬಿ. ಚಂದ್ರೇಗೌಡರು 1978ರಲ್ಲಿ ಇಂದಿರಾ ಗಾಂಧಿಗಾಗಿ ಲೋಕಸಭಾ ಸ್ಥಾನ ಬಿಟ್ಟುಕೊಟ್ಟರು, ಮುಂದೆ ಅರಸು ಸಂಪುಟದಲ್ಲಿ ಸಚಿವರಾದರು. ನವೆಂಬರ್‌ನಲ್ಲಿ ವೀರೇಂದ್ರ ಪಾಟೀಲರನ್ನು ಸೋಲಿಸಿದ ಇಂದಿರಾರನ್ನು ಡಿಸೆಂಬರ್‌ನಲ್ಲೇ ಲೋಕಸಭೆಯಿಂದ ಹೊರಹಾಕಲಾಯಿತು. 1980ರಲ್ಲಿ ಅವರು ನಿಂತಿದ್ದು ರಾಯ್‌ಬರೇಲಿ ಮತ್ತು ಮೇದಕ್‌ನಲ್ಲಿ. ಓಟು ಹಾಕಿದ ಕಾಫಿ ತೋಟದ ಕೂಲಿಗಳಿಗೆ ಸಂಸದರೇ ಇಲ್ಲದಾಯಿತು.

ಗೆಲುವಿನ ಹಂಚಿಕೆ ಜನಸಾಮಾನ್ಯರಿಗೆ ನೇರವಾಗಿ ತಟ್ಟುವ ಜಾಗ ಇನ್ನೊಂದಿದೆ: ಬಗರ್‌ಹುಕುಂ ಸಮಿತಿ. ಸರ್ಕಾರಿ ಜಮೀನಿನಲ್ಲಿ ಸಾಗುವಳಿ ಮಾಡಿಕೊಂಡು ಬಂದವರು ನಮೂನೆ 50, 53, 57ರಲ್ಲಿ ಹಾಕಿದ ಅರ್ಜಿಗಳು ಇದರ ಮುಂದೆ ಬರುತ್ತವೆ. ಅಧ್ಯಕ್ಷರು ಶಾಸಕರು, ಕಾರ್ಯದರ್ಶಿ ತಹಶೀಲ್ದಾರ್, ಜೊತೆಗೆ ಸರ್ಕಾರ ನೇಮಿಸಿದ ಸದಸ್ಯರು. ಈ ನೇಮಕ ಪಕ್ಷದ ಕಾರ್ಯಕರ್ತರಿಗೆ ಕೊಡುವ ಇನಾಮಾದರೆ ಏನಾಗುತ್ತೆ? ಅರ್ಧ ಎಕರೆಯಲ್ಲಿ ಕಾಫಿ, ಮೆಣಸು ಬೆಳೆದುಕೊಂಡ ಬಡವ ತನ್ನ ಹಕ್ಕುಪತ್ರಕ್ಕಾಗಿ ಗೆದ್ದ ಪಕ್ಷದವರ ಹಿಂದೆ ಅಲೆಯಬೇಕಾಗುತ್ತೆ. ಎದುರು ಪಕ್ಷದ ಬಾವುಟ ಹಿಡಿದಿದ್ದರಂತೂ ಮುಗಿದೇಹೋಯ್ತು ಅನ್ನೋ ಭಯ. ಆಗ ಅವನೂ ಬಾಲ ಹಿಡಿಯುತ್ತಾನೆ. ಅದು ಅವಕಾಶವಾದವಲ್ಲ, ಬದುಕುವ ದಾರಿ.

ಹಾಗಾಗಿ ಬಾಲ ಹಿಡಿದವನನ್ನು ಆಡಿಕೊಳ್ಳುವ ಮುಂಚೆ, ಹಿಡಿಯದಿದ್ದರೆ ಅವನಿಗೆ ಏನು ತಪ್ಪಿಹೋಗುತ್ತಿತ್ತು ಅಂತ ಕೇಳೋಣ. ನಿಮ್ಮ ತಾಲ್ಲೂಕಿನ ಸಮಿತಿ ಎಷ್ಟು ಸಲ ಸಭೆ ಸೇರಿದೆ, ಯಾವ ಅರ್ಜಿ ಯಾಕೆ ವಜಾ ಆಯ್ತು ಅನ್ನೋದನ್ನು ಆರ್‌ಟಿಐ ಹಾಕಿ ತಿಳಿಯಬಹುದು. ಸಭೆಯ ನಡಾವಳಿ ಕೈಗೆ ಸಿಕ್ಕರೆ, ಜಮೀನು ಯಾರಿಗೆ ಯಾವ ಕಾರಣಕ್ಕೆ ಹೋಯಿತೆಂದು ಊರಿನ ಮುಂದೆ ಇಡಬಹುದು. ಎತ್ತು ಯಾವ ಪಕ್ಷದ್ದೇ ಇರಲಿ, ಅದಕ್ಕೆ ಮೇವು ಹಾಕುತ್ತಿರೋದು ನಾವೇ.